ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ

ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯವು ಕರ್ನಾಟಕದ ಹಾವೇರಿ ಜಿಲ್ಲೆಯಲ್ಲಿರುವ ಸಂರಕ್ಷಿತ ಅರಣ್ಯ ಪ್ರದೇಶ. ಹಾವೇರಿ, ರಾಣೆಬೆನ್ನೂರು ಮತ್ತು ಬ್ಯಾಡಗಿ ಪಟ್ಟಣಗಳ ನಡುವಿನ ಸೀಮೆಯಲ್ಲಿ ಹರಡಿಕೊಂಡಿರುವ ಇದರ ಒಟ್ಟು ವಿಸ್ತೀರ್ಣ 119 ಚದರ ಕಿ.ಮೀ. ಕೃಷ್ಣಮೃಗಗಳ ರಕ್ಷಣೆಗಾಗಿ 1974ರ ಜೂನ್ 17ರಂದು ಇದನ್ನು ಅಭಯಾರಣ್ಯವೆಂದು ಘೋಷಿಸಲಾಯಿತು. ಬಯಲುಸೀಮೆಯ ಹುಲ್ಲುಗಾವಲು, ಮುಳ್ಳುಕಂಟಿಗಳ ಕುರುಚಲು ಕಾಡು ಹಾಗೂ ಮನುಷ್ಯರು ನೆಟ್ಟು ಬೆಳೆಸಿದ ನೀಲಗಿರಿ ತೋಪುಗಳು ಇಲ್ಲಿಯ ಮುಖ್ಯ ಸಸ್ಯವರ್ಗಗಳು. ಕೃಷ್ಣಮೃಗಗಳು ದೊಡ್ಡ ಸಂಖ್ಯೆಯಲ್ಲಿ ಉಳಿದುಕೊಂಡಿರುವ ದಕ್ಷಿಣ ಭಾರತದ ನೆಲೆಗಳಲ್ಲಿ ಇದೂ ಒಂದು. ಅಳಿವಿನ ಅಂಚಿನಲ್ಲಿರುವ ಎರೆಬೂತ ಹಕ್ಕಿಯ ನೆಲೆಯಾಗಿಯೂ ಈ ಪ್ರದೇಶ ಒಂದು ಕಾಲಕ್ಕೆ ಹೆಸರಾಗಿತ್ತು. ಒಂದೇ ನೆಲದಲ್ಲಿ ಒಂದು ಪ್ರಾಣಿ ವೃದ್ಧಿಸಿ, ಅದರ ಜೊತೆಗೇ ಬಾಳುತ್ತಿದ್ದ ಒಂದು ಹಕ್ಕಿ ಮರೆಯಾದುದು ಈ ಅಭಯಾರಣ್ಯದ ಚರಿತ್ರೆಯ ಪ್ರಮುಖ ಅಂಶ. ಬಯಲುಸೀಮೆಯಲ್ಲಿ ಅರಣ್ಯವೆಂದರೆ ಯಾವುದು ಎಂಬ ಪ್ರಶ್ನೆಗೂ ಇದಕ್ಕೂ ನೇರ ಸಂಬಂಧವಿದೆ.

ಹೆಸರು

ಅಭಯಾರಣ್ಯಕ್ಕೆ ಸಮೀಪದ ರಾಣೆಬೆನ್ನೂರು ಪಟ್ಟಣದಿಂದ ಈ ಹೆಸರು ಬಂದಿದೆ. ಪಟ್ಟಣದ ಹೆಸರನ್ನು ರಾಣಿಬೆನ್ನೂರು, ರಾಣೇಬೆನ್ನೂರು ಎಂದೂ ಬರೆಯುವ ರೂಢಿಯಿದೆ. ಇಲ್ಲಿಯ ಮುಖ್ಯ ಪ್ರಾಣಿಯಾದ ಕೃಷ್ಣಮೃಗಕ್ಕೆ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಚಿಗರಿ ಎನ್ನುತ್ತಾರೆ. ಹುಲ್ಲೆ, ಎರಳೆ ಎಂಬ ಹಳೆಯ ಪದಗಳೂ ಕನ್ನಡದಲ್ಲಿವೆ.

ಸ್ಥಾನ ಮತ್ತು ವಿಸ್ತಾರ

ಹಾವೇರಿ ಜಿಲ್ಲೆ ಕರ್ನಾಟಕದ ಮಧ್ಯಭಾಗದಲ್ಲಿದೆ. 1956ರ ರಾಜ್ಯ ಪುನರ್ವಿಂಗಡಣೆಗೆ ಮುನ್ನ ಈ ಸೀಮೆಯು ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಗೆ ಸೇರಿತ್ತು. 1997ರ ಆಗಸ್ಟ್ 24ರಂದು ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು. ಆದ್ದರಿಂದ ಅಭಯಾರಣ್ಯದ ಕುರಿತ ಹಳೆಯ ಬರಹಗಳಲ್ಲಿ ಇದು ಧಾರವಾಡ ಜಿಲ್ಲೆಯಲ್ಲಿದೆ ಎಂದೇ ನಮೂದಾಗಿರುತ್ತದೆ.

ಅಭಯಾರಣ್ಯವು ಒಂದೇ ಅಖಂಡ ಕಾಡಾಗಿಲ್ಲ. ಹುಲ್ಲತ್ತಿ, ಹುಣಸಿಕಟ್ಟಿ ಮತ್ತು ಅಲಗಿಲವಾಡ ಎಂಬ ಮೂರು ವಿಭಾಗಗಳಾಗಿ ಅದು ಹಂಚಿಹೋಗಿದೆ. ಇವುಗಳ ಸುತ್ತ ಹೊಲಗಳು, ಹಳ್ಳಿಗಳು, ಲಂಬಾಣಿ ತಾಂಡಾಗಳು ಮತ್ತು ರಸ್ತೆಗಳಿವೆ. 119 ಚದರ ಕಿ.ಮೀ. ಪೈಕಿ 14.87 ಚದರ ಕಿ.ಮೀ. ಪ್ರದೇಶವನ್ನು ಮೂಲವಲಯವೆಂದು ಗುರುತಿಸಲಾಗಿದೆ. ಉಳಿದ ಭಾಗದಲ್ಲಿ ನೆಡುತೋಪುಗಳೇ ಹೆಚ್ಚು. ಬೆಂಗಳೂರು ಮತ್ತು ಪುಣೆಗಳನ್ನು ಜೋಡಿಸುವ 48ನೆಯ ರಾಷ್ಟ್ರೀಯ ಹೆದ್ದಾರಿ ಹಾಗೂ ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗ ಇದೇ ಸೀಮೆಯ ಮೂಲಕ ಹಾದುಹೋಗುತ್ತವೆ.

ಭೂರಚನೆ ಮತ್ತು ಶಿಲೆಗಳು

ಈ ಪ್ರದೇಶವು ದಖ್ಖನ್ ಪ್ರಸ್ಥಭೂಮಿಯ ಭಾಗ. ಸಮುದ್ರಮಟ್ಟದಿಂದ ಸುಮಾರು 550ರಿಂದ 650 ಮೀಟರ್ ಎತ್ತರದಲ್ಲಿರುವ ಏರಿಳಿತದ ಬಯಲು ಇದರ ಸಾಮಾನ್ಯ ರೂಪ. ನಡುನಡುವೆ ಬೋಳುಗುಡ್ಡಗಳು ಎದ್ದುನಿಂತಿವೆ. ಪಶ್ಚಿಮಕ್ಕೆ ಹಾನಗಲ್ಲಿನ ಕಡೆ ಸಾಗಿದಂತೆ ನೆಲವು ಅರೆಮಲೆನಾಡಿನ ಗುಣವನ್ನು ತಾಳುತ್ತದೆ. ಪೂರ್ವಕ್ಕೆ ಸಾಗಿದಂತೆ ಅದು ತುಂಗಭದ್ರಾ ನದಿಯತ್ತ ಇಳಿಯುತ್ತಾ ಒಣ ಬಯಲಾಗುತ್ತದೆ. ಅಭಯಾರಣ್ಯವಿರುವುದು ಈ ಎರಡು ಸೀಮೆಗಳು ಸಂಧಿಸುವ ಎಡೆಯ ಪೂರ್ವದ ಮಗ್ಗುಲಲ್ಲಿ.

ಇಲ್ಲಿಯ ಶಿಲೆಗಳು ಬಹಳ ಪ್ರಾಚೀನವಾದವು. ಧಾರವಾಡ ಶಿಲಾಸಮೂಹಕ್ಕೆ ಸೇರಿದ ಇವು 250 ಕೋಟಿ ವರ್ಷಗಳಿಗೂ ಹಿಂದಿನವು. ಭಾರತದ ಭೂವಿಜ್ಞಾನದಲ್ಲಿ ಧಾರವಾಡದ ಹೆಸರು ನೆಲೆಗೊಂಡದ್ದು 19ನೆಯ ಶತಮಾನದ ಉತ್ತರಾರ್ಧದಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರು ಈ ಭಾಗದಲ್ಲಿ ನಡೆಸಿದ ಸರ್ವೇಕ್ಷಣೆಗಳ ಮೂಲಕ. ಶಿವಮೊಗ್ಗ ಪದರಶಿಲಾ ವಲಯದಲ್ಲಿ ಮೇಲ್ಭಾಗದ ಒಂದು ಶಿಲಾಶ್ರೇಣಿಗೆ ಭೂವಿಜ್ಞಾನಿಗಳು ರಾಣೆಬೆನ್ನೂರಿನ ಹೆಸರನ್ನೇ ಇಟ್ಟಿದ್ದಾರೆ. ಗ್ರೇವ್ಯಾಕ್ ಎಂಬ ಬೂದುಬಣ್ಣದ ಒರಟು ಮರಳುಶಿಲೆ ಹಾಗೂ ಜೇಡಿಯಿಂದಾದ ಪದರಶಿಲೆಗಳು ಈ ಶ್ರೇಣಿಯಲ್ಲಿ ಪ್ರಧಾನ. ಪ್ರಾಚೀನ ಜಲರಾಶಿಯ ತಳದಲ್ಲಿ ನಿಂತ ಮರಳು ಮತ್ತು ಕೆಸರು ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ಇವುಗಳಾಗಿ ಮಾರ್ಪಟ್ಟಿವೆ. ಈ ಮೆದು ಪದರಶಿಲೆಗಳು ಬೇಗ ಸವೆಯುತ್ತವೆ. ಇಲ್ಲಿಯ ಬಯಲುಗಳು ತೀಕ್ಷ್ಣ ಕಣಿವೆಗಳಿಲ್ಲದೆ ನಸು ಇಳಿಜಾರಾಗಿ ಹರಡಿರುವುದಕ್ಕೆ ಇದೂ ಒಂದು ಕಾರಣ.

ಗುಡ್ಡಗಳಲ್ಲಿ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡ ಪ್ರಸಿದ್ಧವಾದುದು. ಇಲ್ಲಿರುವ ಮಾಲತೇಶ ದೇವಾಲಯದಲ್ಲಿ ದಸರೆಯ ವೇಳೆ ನಡೆಯುವ ಕಾರಣಿಕಕ್ಕೆ ಸಾವಿರಾರು ಜನ ಸೇರುತ್ತಾರೆ. ಬಿಲ್ಲನ್ನೇರಿದ ಗೊರವಯ್ಯ ನುಡಿಯುವ ಒಂದು ಸಾಲಿನ ನುಡಿಯನ್ನು ರೈತರು ಮಳೆ–ಬೆಳೆಗಳ ಮುನ್ಸೂಚನೆಯೆಂದು ಅರ್ಥೈಸುತ್ತಾರೆ. ಮಳೆಯನ್ನೇ ನೆಚ್ಚಿದ ಸೀಮೆಯಲ್ಲಿ ಈ ಆಚರಣೆಗೆ ವಿಶೇಷ ಮಹತ್ವವಿದೆ.

ಮಣ್ಣು

ಈ ಸೀಮೆಯ ರೈತರು ನೆಲವನ್ನು ಮುಖ್ಯವಾಗಿ ಎರಡು ಬಗೆಯಾಗಿ ವಿಂಗಡಿಸುತ್ತಾರೆ: ಎರೆ ಮತ್ತು ಮಸಾರಿ. ಎರೆಯು ಕಪ್ಪು ಜೇಡಿಮಣ್ಣು. ತೇವವನ್ನು ಬಹುಕಾಲ ಹಿಡಿದಿಡುವ ಇದು ಬೇಸಿಗೆಯಲ್ಲಿ ಆಳವಾಗಿ ಬಿರುಕು ಬಿಡುತ್ತದೆ. ಹತ್ತಿ, ಹಿಂಗಾರಿ ಜೋಳ ಮತ್ತು ಮೆಣಸಿನಕಾಯಿಗೆ ಇದು ಒಗ್ಗಿದ ನೆಲ. ಮಸಾರಿಯು ಕೆಂಪು ಮಣ್ಣು. ಇದು ಹಗುರವಾದುದು, ನೀರನ್ನು ಬೇಗ ಬಸಿಯುವಂಥದು. ಗುಡ್ಡದ ಬುಡಗಳಲ್ಲೂ ಏರುನೆಲದಲ್ಲೂ ಮಸಾರಿಯ ಪದರ ತೆಳುವಾಗಿದ್ದು, ಅದರೊಡನೆ ಗರಸು ಬೆರೆತಿರುತ್ತದೆ. ಇಂಥ ನೆಲ ಉಳುಮೆಗೆ ಅಷ್ಟಾಗಿ ಒದಗದ ಕಾರಣ ತಲೆಮಾರುಗಳಿಂದ ದನಕುರಿಗಳ ಮೇವಿಗೆ ಉಳಿದುಬಂದಿತು. ಮುಂಬಯಿ ಕರ್ನಾಟಕದ ಕಂದಾಯ ಭಾಷೆಯಲ್ಲಿ ಊರಿನ ಇಂಥ ಮೇವಿನ ನೆಲಕ್ಕೆ ಗಾಯರಾಣ ಎಂದು ಹೆಸರು. ಅಭಯಾರಣ್ಯದ ಬಹುಭಾಗದ ನೆಲ ಇದೇ ಸ್ವರೂಪದ್ದು.

ಹವಾಮಾನ

ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವುದರಿಂದ ಇಲ್ಲಿಯ ಹವೆ ಅರೆಶುಷ್ಕವಾದುದು. ಜಿಲ್ಲೆಯ ಪಶ್ಚಿಮದಿಂದ ಪೂರ್ವಕ್ಕೆ ಮಳೆಯ ಪ್ರಮಾಣ ಕಡಿಮೆಯಾಗುತ್ತಾ ಹೋಗುತ್ತದೆ. ರಾಣೆಬೆನ್ನೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 600 ಮಿ.ಮೀ. ಮಳೆಯಾಗುತ್ತದೆ. ಇದರ ಹೆಚ್ಚಿನ ಭಾಗ ಜೂನ್‌ನಿಂದ ಅಕ್ಟೋಬರ್‌ವರೆಗೆ ಬೀಳುತ್ತದೆ. ಏಪ್ರಿಲ್–ಮೇ ತಿಂಗಳುಗಳಲ್ಲಿ ಗುಡುಗುಸಹಿತವಾದ ಅಡ್ಡಮಳೆಗಳಾಗುವುದುಂಟು. ಮುಂಗಾರಿನ ಬಿತ್ತನೆಯನ್ನು ರೈತರು ಇಂದಿಗೂ ಮಳೆನಕ್ಷತ್ರಗಳ ಲೆಕ್ಕದಲ್ಲಿ ಹೇಳುತ್ತಾರೆ.

ಮಾರ್ಚ್‌ನಿಂದ ಮೇ ತಿಂಗಳವರೆಗೆ ಬಿಸಿಲು ತೀವ್ರ. ಹುಲ್ಲು ಒಣಗಿ ಹಳದಿಯಾಗುತ್ತದೆ, ಕೆರೆಗುಂಟೆಗಳು ಬತ್ತುತ್ತವೆ, ಕಾಡ್ಗಿಚ್ಚಿನ ಅಪಾಯ ಹೆಚ್ಚುತ್ತದೆ. ಮೊದಲ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಹುಲ್ಲು ಮತ್ತೆ ಚಿಗುರುತ್ತದೆ. ಹುಲ್ಲು ಬೆಳೆದು ಒಣಗುವ ಈ ವಾರ್ಷಿಕ ಆವರ್ತನವೇ ಕೃಷ್ಣಮೃಗಗಳ ಚಲನೆಯನ್ನು ನಿರ್ಧರಿಸುತ್ತದೆ. ಹಸಿರು ಇರುವಷ್ಟು ಕಾಲ ಅವು ಕಾಡಿನೊಳಗಿನ ಬಯಲಿನಲ್ಲಿ ಮೇಯುತ್ತವೆ. ಅದು ತೀರಿದಾಗ ಮೇವು ಮತ್ತು ನೀರಿಗಾಗಿ ಹೊಲಗಳತ್ತ ಹೊರಡುತ್ತವೆ.

ಜಲಸಂಪನ್ಮೂಲ

ಅಭಯಾರಣ್ಯದೊಳಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಮಳೆಗಾಲದ ಹಳ್ಳಗಳು, ಸಣ್ಣ ಕೆರೆಗಳು ಮತ್ತು ಅರಣ್ಯ ಇಲಾಖೆ ನಿರ್ಮಿಸಿದ ನೀರಿನ ತೊಟ್ಟಿಗಳೇ ಪ್ರಾಣಿಗಳಿಗೆ ಆಧಾರ. ಸುತ್ತಲಿನ ಸೀಮೆಯ ನೀರೆಲ್ಲ ಕೊನೆಗೆ ತುಂಗಭದ್ರೆಗೆ ಸೇರುತ್ತದೆ.

ತುಂಗಭದ್ರಾ: ಶಿವಮೊಗ್ಗ ಜಿಲ್ಲೆಯ ಕೂಡಲಿಯಲ್ಲಿ ತುಂಗಾ ಮತ್ತು ಭದ್ರಾ ನದಿಗಳು ಸೇರಿ ಉಂಟಾಗುವ ಈ ನದಿ ರಾಣೆಬೆನ್ನೂರು ಮತ್ತು ಹಾವೇರಿ ತಾಲ್ಲೂಕುಗಳ ಪೂರ್ವದ ಗಡಿಯಾಗಿ ಉತ್ತರಕ್ಕೆ ಹರಿಯುತ್ತದೆ. ಕೋಟೆಯಿರುವ ಐರಣಿ ಹಾಗೂ ಮುಕ್ತೇಶ್ವರ ದೇವಾಲಯವಿರುವ ಚೌಡಯ್ಯದಾನಪುರ ಇದರ ದಂಡೆಯ ಊರುಗಳು.

ವರದಾ: ಸಾಗರ ತಾಲ್ಲೂಕಿನ ವರದಾಮೂಲದಲ್ಲಿ ಹುಟ್ಟಿ, ಹಾನಗಲ್ಲ ಮತ್ತು ಹಾವೇರಿ ತಾಲ್ಲೂಕುಗಳನ್ನು ಹಾದು ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ಹಾನಗಲ್ಲ ಸೀಮೆಗೆ ನೀರುಣಿಸುವ ಧರ್ಮಾ ನದಿ ಇದರ ಉಪನದಿ.

ಕುಮುದ್ವತಿ: ಶಿವಮೊಗ್ಗ ಜಿಲ್ಲೆಯಿಂದ ಹರಿದುಬರುವ ಈ ಹೊಳೆಗೆ ಅಡ್ಡಲಾಗಿ ಮಾಸೂರಿನ ಬಳಿ ಪ್ರಾಚೀನವಾದ ಮದಗದ ಕೆರೆಯಿದೆ. ಮುಂದೆ ರಾಣೆಬೆನ್ನೂರು ತಾಲ್ಲೂಕಿನಲ್ಲಿ ಅದು ತುಂಗಭದ್ರೆಯನ್ನು ಕೂಡುತ್ತದೆ.

ಈ ಸೀಮೆಯ ಸಾಂಪ್ರದಾಯಿಕ ನೀರಾವರಿ ಕೆರೆಗಳನ್ನು ಅವಲಂಬಿಸಿತ್ತು. ಹಾವೇರಿಯ ಹೆಗ್ಗೇರಿ ಅಂಥ ದೊಡ್ಡ ಕೆರೆಗಳಲ್ಲಿ ಒಂದು. ಇತ್ತೀಚಿನ ದಶಕಗಳಲ್ಲಿ ತುಂಗಾ ಮೇಲ್ದಂಡೆ ಯೋಜನೆಯ ಕಾಲುವೆ ಜಿಲ್ಲೆಯ ಕೆಲವು ಭಾಗಗಳಿಗೆ ನೀರು ತಂದಿದೆ. ಉಳಿದೆಡೆ ಕೊಳವೆಬಾವಿಗಳೇ ಆಸರೆ. ಇಲ್ಲಿಯ ಗಟ್ಟಿಶಿಲೆಯಲ್ಲಿ ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ ಮಾತ್ರ. ಆದ್ದರಿಂದ ಅಂತರ್ಜಲದ ಸಂಗ್ರಹ ಸೀಮಿತವಾದುದು. ಎರಡು ವರ್ಷ ಮಳೆ ಕೈಕೊಟ್ಟರೆ ಕೊಳವೆಬಾವಿಗಳು ಬತ್ತುತ್ತವೆ.

ತುಂಗಭದ್ರಾ ಮತ್ತು ವರದಾ ನದಿಗಳ ಪಾತ್ರದ ಮರಳು ಈ ಭಾಗದ ಇನ್ನೊಂದು ಸಂಪನ್ಮೂಲ. ಕಟ್ಟಡ ಕಾಮಗಾರಿಗಾಗಿ ಇದನ್ನು ಮಿತಿಮೀರಿ ತೆಗೆದಲ್ಲಿ ನದಿಯ ಪಾತ್ರ ಆಳವಾಗಿ ದಂಡೆಯ ಬಾವಿಗಳ ನೀರಿನ ಮಟ್ಟ ಕುಸಿಯುತ್ತದೆ.

ಸಸ್ಯಸಂಪತ್ತು

ಸಹಜ ಕುರುಚಲು ಮತ್ತು ಹುಲ್ಲುಗಾವಲು

ಈ ಸೀಮೆಯ ಸಹಜ ಸಸ್ಯವರ್ಗ ಎತ್ತರದ ಮರಗಳ ದಟ್ಟ ಕಾಡಲ್ಲ. ಅಲ್ಲಲ್ಲಿ ಕುಳ್ಳು ಮರಗಳಿಂದಲೂ ಮುಳ್ಳುಕಂಟಿಗಳಿಂದಲೂ ಕೂಡಿದ ಹುಲ್ಲುಬಯಲು ಇದರ ಮೂಲರೂಪ. ಕರಿಜಾಲಿ, ಬಿಳಿಜಾಲಿ, ಬೇವು, ಹುಣಸೆ, ಮುತ್ತುಗ, ಕಕ್ಕೆ, ತುಗ್ಗಲಿ ಮುಂತಾದ ಮರಗಳೂ ಕವಳಿ, ಬಾರಿ, ತಂಗಡಿ, ಬಂದರಿಕೆ ಮೊದಲಾದ ಪೊದೆಗಳೂ ಇಂಥ ನೆಲದಲ್ಲಿ ಬೆಳೆಯುತ್ತವೆ. ಕವಳಿ ಮತ್ತು ಬಾರಿಹಣ್ಣುಗಳು ಹಳ್ಳಿಯ ಮಕ್ಕಳಿಗೂ ಕಾಡಿನ ಪ್ರಾಣಿಗಳಿಗೂ ಪ್ರಿಯ. ಜಾಲಿಯ ಕಾಯಿ ಆಡುಕುರಿಗಳಿಗೆ ಬೇಸಿಗೆಯ ಮೇವು. ಅದರ ಗಟ್ಟಿಮರವನ್ನು ಕೃಷಿಯ ಉಪಕರಣಗಳಿಗೆ ಬಳಸುತ್ತಿದ್ದರು. ತಂಗಡಿಯ ತೊಗಟೆ ಚರ್ಮ ಹದ ಮಾಡಲು ಒದಗುತ್ತಿತ್ತು.

ನೋಟಕ್ಕೆ ಬರಡೆನಿಸುವ ಇಂಥ ಹುಲ್ಲುಬಯಲು ಸ್ವತಃ ಒಂದು ಪೂರ್ಣ ಜೀವಿವ್ಯವಸ್ಥೆ. ಹುಲ್ಲಿನ ಬೇರುಗಳು ತೆಳುವಾದ ಮಣ್ಣನ್ನು ಹಿಡಿದಿಡುತ್ತವೆ, ಮಳೆನೀರಿನ ಓಟವನ್ನು ತಗ್ಗಿಸುತ್ತವೆ. ಆದರೆ ಕಂದಾಯ ಮತ್ತು ಯೋಜನಾ ದಾಖಲೆಗಳಲ್ಲಿ ಹುಲ್ಲುಬಯಲನ್ನೂ ಕುರುಚಲು ಭೂಮಿಯನ್ನೂ ಬಂಜರು ಎಂಬ ಶೀರ್ಷಿಕೆಯಡಿ ಸೇರಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಬಂಜರನ್ನು ಹಸಿರಾಗಿಸಬೇಕೆಂಬ ಆಶಯದಿಂದಲೇ ಇಲ್ಲಿ ಮರ ನೆಡುವ ಕಾರ್ಯಗಳು ಆರಂಭವಾದವು.

ನೀಲಗಿರಿ ನೆಡುತೋಪು

ಆಸ್ಟ್ರೇಲಿಯಾ ಮೂಲದ ನೀಲಗಿರಿ ಮರ ಕರ್ನಾಟಕಕ್ಕೆ ಬಂದದ್ದು 18ನೆಯ ಶತಮಾನದ ಕೊನೆಯಲ್ಲಿ, ನಂದಿಬೆಟ್ಟದ ಮೂಲಕ. ಮೈಸೂರು ಗಮ್ ಎಂದು ಹೆಸರಾದ ತಳಿ 20ನೆಯ ಶತಮಾನದ ಮಧ್ಯಭಾಗದಿಂದ ರಾಜ್ಯದ ಒಣಭೂಮಿಯಲ್ಲೆಲ್ಲ ಹರಡಿತು. ರಾಣೆಬೆನ್ನೂರು ಸೀಮೆಯ ಹುಲ್ಲುಬಯಲುಗಳಲ್ಲೂ ಇದನ್ನು ವಿಸ್ತಾರವಾಗಿ ನೆಡಲಾಯಿತು.

ಈ ಮರವನ್ನು ಆರಿಸಿಕೊಳ್ಳಲು ಸ್ಪಷ್ಟವಾದ ಕಾರಣಗಳಿದ್ದವು. ಕಡಿಮೆ ಮಳೆಯಲ್ಲೂ ಅದು ಬದುಕುತ್ತದೆ. ಎಲೆಯನ್ನು ದನಕುರಿಗಳು ಮುಟ್ಟುವುದಿಲ್ಲವಾದ್ದರಿಂದ ಬೇಲಿಯ ಖರ್ಚಿಲ್ಲ. ಬೇಗ ಬೆಳೆಯುತ್ತದೆ. ಕಡಿದ ಬುಡದಿಂದ ಮತ್ತೆ ಚಿಗುರುವುದರಿಂದ ಒಮ್ಮೆ ನೆಟ್ಟು ಹಲವು ಬಾರಿ ಕಟಾವು ಮಾಡಬಹುದು. ಸೌದೆ ಮತ್ತು ಗಳುಗಳಿಗೆ ಇದಕ್ಕೆ ಬೇಡಿಕೆಯಿತ್ತು. 1970ರ ದಶಕದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ, ಮರದ ತಿರುಳಿನಿಂದ ರೇಯಾನ್ ದರ್ಜೆಯ ಪಲ್ಪ್ ತಯಾರಿಸುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಸ್ಥಾಪನೆಯಾದ ಮೇಲೆ ಈ ಬೇಡಿಕೆ ಇನ್ನಷ್ಟು ಹೆಚ್ಚಿತು.

ದನಗಳು ಮುಟ್ಟದ ಗುಣವೇ ನೆಡುವವರಿಗೆ ಅನುಕೂಲವಾದರೆ ದನ ಸಾಕುವವರಿಗೆ ನಷ್ಟವಾಯಿತು. ಮೇವಿನ ನೆಲ ಮರದ ನೆಲವಾದಾಗ ಕುರುಬರು, ಲಂಬಾಣಿಗಳು ಮತ್ತು ಸಣ್ಣ ರೈತರ ಜಾನುವಾರುಗಳಿಗೆ ದೊರೆಯುತ್ತಿದ್ದ ಹುಲ್ಲು ಕಡಿಮೆಯಾಯಿತು. ಒತ್ತಾಗಿ ನೆಟ್ಟ ತೋಪಿನ ನೆರಳಿನಲ್ಲಿ, ಉದುರಿದ ಎಲೆಗಳ ಹಾಸಿನಡಿ, ಹುಲ್ಲು ವಿರಳವಾಗಿ ಬೆಳೆಯುತ್ತದೆ. ಕಟಾವಾದ ಭಾಗಗಳಲ್ಲಿ ಮಾತ್ರ ಮುಂದಿನ ಚಿಗುರು ಎತ್ತರಕ್ಕೇಳುವವರೆಗೆ ಹುಲ್ಲು ಮರಳುತ್ತದೆ.

ಪ್ರಾಣಿಸಂಪತ್ತು

ಕೃಷ್ಣಮೃಗ

ಕೃಷ್ಣಮೃಗವು ಭಾರತ ಉಪಖಂಡದ ಬಯಲುಗಳಿಗೆ ಸೀಮಿತವಾದ ಹುಲ್ಲೆ. ಪ್ರಾಯಕ್ಕೆ ಬಂದ ಗಂಡಿನ ಮೈಯ ಮೇಲ್ಭಾಗ ಕಡುಕಂದಿನಿಂದ ಕಪ್ಪಿನವರೆಗೆ ತಿರುಗುತ್ತದೆ. ಹೊಟ್ಟೆ ಮತ್ತು ಕಣ್ಣಿನ ಸುತ್ತ ಬಿಳಿ. ತಿರುಪಿನಂತೆ ಸುತ್ತಿಕೊಂಡ ಉದ್ದ ಕೊಂಬುಗಳು ಗಂಡಿನ ಗುರುತು. ಹೆಣ್ಣು ಮತ್ತು ಮರಿಗಳದು ನಸುಗಂದು ಬಣ್ಣ. ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿರುವುದಿಲ್ಲ. ಗರ್ಭಾವಧಿ ಸುಮಾರು 6 ತಿಂಗಳು. ಒಂದು ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿ. ಓಟದಲ್ಲಿ ಗಂಟೆಗೆ 80 ಕಿ.ಮೀ. ವೇಗವನ್ನು ಮುಟ್ಟಬಲ್ಲ ಈ ಪ್ರಾಣಿಗೆ ದೃಷ್ಟಿ ಮತ್ತು ವೇಗಗಳೇ ರಕ್ಷಣೆ. ಆದ್ದರಿಂದ ಅದು ಸ್ವಭಾವತಃ ತೆರೆದ ಬಯಲನ್ನು ಬಯಸುತ್ತದೆ, ದಟ್ಟ ಕಾಡನ್ನು ತೊರೆಯುತ್ತದೆ.

ಒಂದು ಕಾಲಕ್ಕೆ ದಖ್ಖನಿನ ಬಯಲುಗಳಲ್ಲೆಲ್ಲ ಹಿಂಡುಹಿಂಡಾಗಿದ್ದ ಕೃಷ್ಣಮೃಗ ಬೇಟೆಯಿಂದಲೂ ಬಯಲುಗಳು ಹೊಲಗಳಾದುದರಿಂದಲೂ 20ನೆಯ ಶತಮಾನದಲ್ಲಿ ತೀವ್ರವಾಗಿ ಇಳಿಮುಖವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದನ್ನು ಒಂದನೆಯ ಅನುಸೂಚಿಗೆ ಸೇರಿಸಿ ಬೇಟೆಯನ್ನು ನಿಷೇಧಿಸಿತು. ಎರಡು ವರ್ಷಗಳ ಬಳಿಕ ರಾಣೆಬೆನ್ನೂರು ಅಭಯಾರಣ್ಯ ಅಸ್ತಿತ್ವಕ್ಕೆ ಬಂದಿತು. ಆನಂತರ ಇಲ್ಲಿ ಇವುಗಳ ಸಂಖ್ಯೆ ಸ್ಥಿರವಾಗಿ ಏರಿತು. ಈಗ 6,000ಕ್ಕೂ ಹೆಚ್ಚು ಕೃಷ್ಣಮೃಗಗಳಿವೆ ಎಂಬುದು ಸಾಮಾನ್ಯವಾಗಿ ಉಲ್ಲೇಖವಾಗುವ ಅಂದಾಜು.

ಬಯಲಿನ ಈ ಪ್ರಾಣಿ ನೀಲಗಿರಿ ತೋಪಿಗೆ ಒಗ್ಗಿಕೊಂಡ ಬಗೆ ಗಮನಾರ್ಹವಾದುದು. ತೋಪು ಅದಕ್ಕೆ ಮೇವು ಕೊಡುವುದಿಲ್ಲ. ಹಗಲಿನ ನೆರಳನ್ನೂ ಮನುಷ್ಯರ ಕಣ್ಣಿನಿಂದ ಮರೆಯನ್ನೂ ಕೊಡುತ್ತದೆ. ಹಗಲು ತೋಪಿನಲ್ಲಿ ತಂಗಿ, ಮುಸ್ಸಂಜೆಯ ನಂತರ ಅಂಚಿನ ಬಯಲಿಗೂ ಹೊಲಗಳಿಗೂ ಬಂದು ಮೇಯುವುದನ್ನು ಹಿಂಡುಗಳು ರೂಢಿಸಿಕೊಂಡಿವೆ. ಹೀಗೆ ತೋಪು ಮತ್ತು ಹೊಲ ಎರಡನ್ನೂ ಅವಲಂಬಿಸಿ ಅವು ಬಾಳುತ್ತಿವೆ.

ಎರೆಬೂತ

ಎರೆಬೂತವು ಹಾರಬಲ್ಲ ಹಕ್ಕಿಗಳಲ್ಲಿ ಅತ್ಯಂತ ಭಾರವಾದವುಗಳಲ್ಲಿ ಒಂದು. ಹಕ್ಕಿಶಾಸ್ತ್ರದ ಬರಹಗಳಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂದು ಹೆಸರಾದ ಇದಕ್ಕೆ ಕನ್ನಡದಲ್ಲಿ ದೊರವಾಯನ ಹಕ್ಕಿ ಎಂಬ ಹೆಸರೂ ಇದೆ. ಸುಮಾರು ಒಂದು ಮೀಟರ್ ಎತ್ತರ ನಿಲ್ಲುವ ಗಂಡುಹಕ್ಕಿ 15 ಕಿಲೋವರೆಗೂ ತೂಗಬಲ್ಲದು. ಹೆಣ್ಣು ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಗೂಡು ಕಟ್ಟದ, ಮರವೇರದ ಈ ಹಕ್ಕಿಗೆ ದೂರದವರೆಗೆ ಕಣ್ಣು ಹಾಯುವ ಸಮತಟ್ಟಾದ ಹುಲ್ಲುಬಯಲು ಅನಿವಾರ್ಯ.

1970 ಮತ್ತು 1980ರ ದಶಕಗಳಲ್ಲಿ ರಾಣೆಬೆನ್ನೂರಿನ ಬಯಲು ಕರ್ನಾಟಕದಲ್ಲಿ ಎರೆಬೂತದ ಮುಖ್ಯ ನೆಲೆಗಳಲ್ಲಿ ಒಂದೆಂದು ಪರಿಗಣಿತವಾಗಿತ್ತು. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು ಕರ್ನಾಟಕದಲ್ಲಿ ಈ ಹಕ್ಕಿಯ ಸ್ಥಿತಿಗತಿಯನ್ನು ಅಧ್ಯಯನ ಮಾಡಿ ಬರೆದವರಲ್ಲಿ ಪ್ರಮುಖರು. ಆದರೆ ಬಯಲುಗಳು ತೋಪುಗಳಾದಂತೆ ಹಕ್ಕಿಯ ನೆಲೆ ಕುಗ್ಗಿತು. ನೆಡುತೋಪಿನ ಸಾಲುಮರಗಳು ಕೃಷ್ಣಮೃಗಕ್ಕೆ ಮರೆಯಾದರೆ ಎರೆಬೂತಕ್ಕೆ ಅಡ್ಡಿಯಾದವು. ಉಳಿದ ಹುಲ್ಲುನೆಲದ ಮೇಲೆ ಮೇಯುವಿಕೆ, ಓಡಾಟ ಹಾಗೂ ನಾಯಿಗಳ ಕಾಟ ಹೆಚ್ಚಿತು. ನೆಲದ ಮೇಲಿನ ಒಂಟಿ ಮೊಟ್ಟೆ ಉಳಿಯುವ ಸಾಧ್ಯತೆ ಇದರಿಂದ ಕ್ಷೀಣಿಸಿತು.

ಇಂದು ಈ ಅಭಯಾರಣ್ಯದಲ್ಲಿ ನೆಲೆನಿಂತ ಎರೆಬೂತಗಳಿಲ್ಲ. ರಾಜ್ಯದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಯ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಹಕ್ಕಿಗಳು ಉಳಿದಿವೆ. ದೇಶದಲ್ಲಿ ಉಳಿದವುಗಳ ಬಹುಪಾಲು ರಾಜಸ್ಥಾನದಲ್ಲಿವೆ. ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು 2011ರಲ್ಲಿ ಇದನ್ನು ತೀವ್ರ ಅಪಾಯಕ್ಕೊಳಗಾದ ಪ್ರಭೇದವೆಂದು ವರ್ಗೀಕರಿಸಿತು.

ಇತರ ಪ್ರಾಣಿಪಕ್ಷಿಗಳು

ತೋಳ ಇಲ್ಲಿಯ ಮುಖ್ಯ ಬೇಟೆಗಾರ ಪ್ರಾಣಿ. ಕೃಷ್ಣಮೃಗದ ಮರಿಗಳು, ಮೊಲಗಳು ಹಾಗೂ ಕುರಿಮರಿಗಳು ಅದರ ಆಹಾರ. ನರಿ, ಗುಳ್ಳೆನರಿ, ಕಾಡುಹಂದಿ, ಮುಳ್ಳುಹಂದಿ, ಚಿಪ್ಪುಹಂದಿ, ಮುಂಗುಸಿ, ಮೊಲ ಮತ್ತು ಮುಸುವಗಳೂ ಇವೆ. ಹಕ್ಕಿಗಳಲ್ಲಿ ನವಿಲು, ಕೌಜುಗ, ನೀಲಕಂಠ ಹಾಗೂ ಹುಲ್ಲುಬಯಲಿನ ನೆಲಗುಬ್ಬಿಗಳು ಸಾಮಾನ್ಯ. ಇದೇ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಬಂಕಾಪುರ ಕೋಟೆಯಲ್ಲಿ ನವಿಲುಗಳಿಗಾಗಿಯೇ ಪ್ರತ್ಯೇಕ ಸಂರಕ್ಷಿತ ತಾಣವಿದೆ.

ಕೃಷಿ ಮತ್ತು ಜನಜೀವನ

ಸುತ್ತಲಿನ ಹಳ್ಳಿಗಳಲ್ಲಿ ಮೆಕ್ಕೆಜೋಳ, ಜೋಳ, ಹತ್ತಿ, ಶೇಂಗಾ, ಮೆಣಸಿನಕಾಯಿ ಮತ್ತು ತರಕಾರಿಗಳು ಮುಖ್ಯ ಬೆಳೆಗಳು. ಹಾವೇರಿ ಜಿಲ್ಲೆ ರಾಜ್ಯದ ಪ್ರಮುಖ ಮೆಕ್ಕೆಜೋಳ ಪ್ರದೇಶಗಳಲ್ಲಿ ಒಂದು. ರಾಣೆಬೆನ್ನೂರು ಬೀಜೋತ್ಪಾದನೆಗೆ ಹೆಸರಾಗಿದೆ. ಹಾವೇರಿ ಪಟ್ಟಣ ಏಲಕ್ಕಿ ಹಾರಗಳಿಂದ ಪ್ರಸಿದ್ಧ. ಮಲೆನಾಡಿನ ಏಲಕ್ಕಿಯನ್ನು ಇಲ್ಲಿಗೆ ತಂದು ಹದಗೊಳಿಸಿ ಮಾರುವ ವ್ಯಾಪಾರ ಹಿಂದೆ ದೊಡ್ಡದಾಗಿತ್ತು.

ಬ್ಯಾಡಗಿ ಪಟ್ಟಣದ ಹೆಸರು ಒಂದು ಮೆಣಸಿನಕಾಯಿ ತಳಿಗೇ ಅಂಟಿಕೊಂಡಿದೆ. ಕಡುಗೆಂಪು ಬಣ್ಣ, ಸುಕ್ಕುಗಟ್ಟಿದ ಸಿಪ್ಪೆ ಮತ್ತು ಕಡಿಮೆ ಖಾರ ಬ್ಯಾಡಗಿ ಮೆಣಸಿನಕಾಯಿಯ ಲಕ್ಷಣಗಳು. ಡಬ್ಬಿ ಮತ್ತು ಕಡ್ಡಿ ಇದರ ಎರಡು ಬಗೆಗಳು. ಇದರಿಂದ ತೆಗೆಯುವ ಬಣ್ಣದ ಸತ್ವ ಆಹಾರ ಮತ್ತು ಸೌಂದರ್ಯವರ್ಧಕ ಉದ್ಯಮಗಳಿಗೆ ಹೋಗುತ್ತದೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಬ್ಯಾಡಗಿಯ ಮಾರುಕಟ್ಟೆಗೆ ಬರುವ ಮೆಣಸಿನಕಾಯಿಯ ಹೆಚ್ಚಿನ ಪಾಲು ನೆರೆಯ ಜಿಲ್ಲೆಗಳಲ್ಲಿ ಬೆಳೆದದ್ದು.

ವನ್ಯಜೀವಿ ಮತ್ತು ಕೃಷಿಯ ಘರ್ಷಣೆ ಈ ಹಳ್ಳಿಗಳ ನಿತ್ಯದ ಸಮಸ್ಯೆ. ಮೊಳಕೆಯೊಡೆದ ಪೈರು ಕೃಷ್ಣಮೃಗಗಳಿಗೆ ಬಲು ಇಷ್ಟ. ಹಿಂಡೊಂದು ಒಂದೇ ರಾತ್ರಿಯಲ್ಲಿ ಎಳೆಯ ಪೈರನ್ನು ಮೇಯ್ದರೆ ರೈತ ಮತ್ತೆ ಬೀಜ, ಗೊಬ್ಬರ ಮತ್ತು ಕೂಲಿಯ ವೆಚ್ಚ ಹೊರಬೇಕಾಗುತ್ತದೆ. ಅಷ್ಟರಲ್ಲಿ ಬಿತ್ತನೆಯ ಹದವೂ ಮೀರಿರುತ್ತದೆ. ಕಾಡುಹಂದಿಗಳ ಹಾವಳಿಯೂ ಇದರೊಡನೆ ಸೇರಿಕೊಳ್ಳುತ್ತದೆ. ರೈತರು ರಾತ್ರಿ ಹೊಲ ಕಾಯುವುದು, ಬೇಲಿ ಹಾಕುವುದು, ಸದ್ದು ಮಾಡಿ ಓಡಿಸುವುದು ರೂಢಿಯಲ್ಲಿವೆ. ಬೆಳೆಹಾನಿಗೆ ಸರ್ಕಾರದಿಂದ ಪರಿಹಾರ ನೀಡುವ ವ್ಯವಸ್ಥೆಯಿದೆ. ತೋಪು ಹಿಂಡುಗಳಿಗೆ ಮರೆ ಕೊಟ್ಟು ಮೇವು ಕೊಡದಿರುವುದರಿಂದ, ಅಭಯಾರಣ್ಯದೊಳಗಿನ ಹುಲ್ಲಿನ ಕೊರತೆಯ ಭಾರವನ್ನು ಅಂಚಿನ ಹೊಲಗಳು ಹೊರುತ್ತವೆ.

ನೀಲಗಿರಿ ವಿವಾದ

1980ರ ದಶಕದಲ್ಲಿ ನೀಲಗಿರಿಯ ಪ್ರಶ್ನೆ ಇಡೀ ಧಾರವಾಡ ಸೀಮೆಯ ಸಾರ್ವಜನಿಕ ವಿಷಯವಾಯಿತು. 1984ರಲ್ಲಿ ರಾಜ್ಯದ ಅರಣ್ಯ ಅಭಿವೃದ್ಧಿ ನಿಗಮ ಮತ್ತು ಹರಿಹರ ಪಾಲಿಫೈಬರ್ಸ್ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸಿದವು. ಹಳ್ಳಿಗರು ಮೇವು, ಸೌದೆಗಳಿಗೆ ಬಳಸುತ್ತಿದ್ದ ಸುಮಾರು 30,000 ಹೆಕ್ಟೇರ್ ಸರ್ಕಾರಿ ಭೂಮಿಯಲ್ಲಿ ಪಲ್ಪ್ ಮರಗಳನ್ನು ಬೆಳೆಸುವುದು ಇದರ ಉದ್ದೇಶವಾಗಿತ್ತು. ಊರಿನ ಸಮುದಾಯಕ್ಕೆ ಸೇರಿದ ನೆಲವನ್ನು ಕಾರ್ಖಾನೆಯ ಕಚ್ಚಾವಸ್ತುವಿಗಾಗಿ ಕೊಡಲಾಗದೆಂದು ಸಮಾಜ ಪರಿವರ್ತನ ಸಮುದಾಯ ಮತ್ತಿತರ ಸಂಘಟನೆಗಳು ವಿರೋಧಿಸಿದವು. ಸಾಹಿತಿ ಶಿವರಾಮ ಕಾರಂತರು ಮೊದಲಾದವರು ಸುಪ್ರೀಂ ಕೋರ್ಟ್ ಮೊರೆಹೋದರು.

1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ ಎಸ್. ಆರ್. ಹಿರೇಮಠ ಮತ್ತು ಸಂಗಡಿಗರ ನೇತೃತ್ವದಲ್ಲಿ ನಡೆದ ಪ್ರತಿಭಟನೆ ಕಿತ್ತಿಕೋ–ಹಚ್ಚಿಕೋ ಸತ್ಯಾಗ್ರಹವೆಂದು ಹೆಸರಾಯಿತು. ಈ ಸೀಮೆಯ ಮಾತಿನಲ್ಲಿ ಹಚ್ಚುವುದೆಂದರೆ ನೆಡುವುದು. ನೀಲಗಿರಿ ಸಸಿಗಳನ್ನು ಕಿತ್ತು, ಅವುಗಳ ಜಾಗದಲ್ಲಿ ಜನರಿಗೆ ಉಪಯುಕ್ತವಾದ ಸಸಿಗಳನ್ನು ನೆಡುವುದು ಸತ್ಯಾಗ್ರಹದ ಕ್ರಮವಾಗಿತ್ತು. 1991ರಲ್ಲಿ ಜಂಟಿ ಕಂಪನಿಯನ್ನು ಮುಚ್ಚಲಾಯಿತು. ಇದೇ ಅವಧಿಯಲ್ಲಿ ಕಾರ್ಖಾನೆಯ ತ್ಯಾಜ್ಯದಿಂದ ತುಂಗಭದ್ರೆ ಮಲಿನವಾಗುತ್ತಿದೆಯೆಂದು ನದೀತೀರದ ಹಳ್ಳಿಗಳಲ್ಲೂ ಹೋರಾಟ ನಡೆಯಿತು.

ಅಭಯಾರಣ್ಯದ ತೋಪುಗಳು ಈ ಕಂಪನಿಗಿಂತ ಹಿಂದಿನವು. ಆದರೂ ಮೇವಿನ ನೆಲವನ್ನು ಬಂಜರೆಂದು ಕರೆದು ಒಂದೇ ಜಾತಿಯ ಮರವನ್ನು ನೆಡುವುದು ಸರಿಯೇ ಎಂಬ ಪ್ರಶ್ನೆ ಎರಡೂ ಕಡೆ ಒಂದೇ. 2017ರಲ್ಲಿ ರಾಜ್ಯ ಸರ್ಕಾರವು ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು.

ಸಂರಕ್ಷಣೆಯ ಪ್ರಶ್ನೆಗಳು

ಅಭಯಾರಣ್ಯದ ನಿರ್ವಹಣೆಯ ಹೊಣೆ ಕರ್ನಾಟಕ ಅರಣ್ಯ ಇಲಾಖೆಯ ಹಾವೇರಿ ವಿಭಾಗದ್ದು. ಬೇಟೆ ತಡೆ, ಬೆಂಕಿರೇಖೆಗಳ ನಿರ್ಮಾಣ ಮತ್ತು ಬೇಸಿಗೆಯಲ್ಲಿ ನೀರಿನ ಪೂರೈಕೆ ಮುಖ್ಯ ಕಾರ್ಯಗಳು. ನೀಲಗಿರಿ ತೋಪುಗಳ ಮುಂದಿನ ಸ್ಥಿತಿ ಇಲ್ಲಿಯ ಅತಿ ಕಠಿಣ ಪ್ರಶ್ನೆ. ತೋಪುಗಳನ್ನು ಒಮ್ಮೆಗೇ ತೆಗೆದರೆ ಸಾವಿರಾರು ಕೃಷ್ಣಮೃಗಗಳು ಹಗಲಿನ ಆಶ್ರಯವನ್ನು ಕಳೆದುಕೊಂಡು ಹೊಲಗಳಲ್ಲಿ ಚದುರುವ ಅಪಾಯವಿದೆ. ಹಾಗೆಯೇ ಬಿಟ್ಟರೆ ಹುಲ್ಲುಬಯಲು ಮರಳುವುದಿಲ್ಲ. ಹಂತಹಂತವಾಗಿ ನೀಲಗಿರಿಯನ್ನು ತೆರವುಗೊಳಿಸಿ, ಸ್ಥಳೀಯ ಹುಲ್ಲು ಮತ್ತು ಜಾಲಿ, ಬಾರಿ, ಬೇವಿನಂಥ ಗಿಡಮರಗಳಿಗೆ ಎಡೆಮಾಡುವುದು ಇವೆರಡರ ನಡುವಿನ ದಾರಿ. ಕಡಿದ ಬುಡ ಮತ್ತೆ ಚಿಗುರುವುದರಿಂದ ಬೇರುಸಹಿತ ಕೀಳದೆ ಈ ಕೆಲಸ ಪೂರ್ಣಗೊಳ್ಳದು.

ಕರ್ನಾಟಕದಲ್ಲಿ ಕೃಷ್ಣಮೃಗಗಳ ಇನ್ನೊಂದು ಪ್ರಸಿದ್ಧ ನೆಲೆಯಾದ ತುಮಕೂರು ಜಿಲ್ಲೆಯ ಮೈದನಹಳ್ಳಿಯ ಜಯಮಂಗಲಿ ಸಂರಕ್ಷಿತ ಪ್ರದೇಶ ವಿಸ್ತಾರದಲ್ಲಿ ಬಹಳ ಚಿಕ್ಕದಾದರೂ ಅಲ್ಲಿ ತೆರೆದ ಹುಲ್ಲುಬಯಲೇ ಪ್ರಧಾನ. ರಾಣೆಬೆನ್ನೂರಿನ ವಿಸ್ತಾರ ಅದಕ್ಕಿಂತ ಅನೇಕ ಪಟ್ಟು ದೊಡ್ಡದು. ಆದರೆ ಅದರ ಬಹುಭಾಗವನ್ನು ಆವರಿಸಿರುವುದು ಆ ಪ್ರಾಣಿ ಮೇಯಲಾರದ ಮರ.

ಸಂಪರ್ಕ

ರಾಣೆಬೆನ್ನೂರು ಸಮೀಪದ ರೈಲುನಿಲ್ದಾಣ. ಹಾವೇರಿ ಮತ್ತು ಬ್ಯಾಡಗಿಗಳಲ್ಲೂ ನಿಲ್ದಾಣಗಳಿವೆ. ಹುಬ್ಬಳ್ಳಿಯಲ್ಲಿ ವಿಮಾನನಿಲ್ದಾಣವಿದೆ. ಮಳೆ ಮುಗಿದು ಹುಲ್ಲು ಹಸಿರಾಗಿರುವ ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಅವಧಿ ಭೇಟಿಗೆ ಸೂಕ್ತ. ಹಿಂಡುಗಳು ಬೆಳಗಿನ ಜಾವ ಮತ್ತು ಸಂಜೆಯ ಹೊತ್ತು ತೋಪಿನ ಅಂಚಿನಲ್ಲಿ ಹೆಚ್ಚಾಗಿ ಕಾಣಸಿಗುತ್ತವೆ.